ಪರನಾಣ್ಯದ ಕಾಲದಲ್ಲಿ ಸ್ವಹಿತ ವಿಚಾರ



ತಾನು ಅಚ್ಚುಹಾಕದ, ತನ್ನ ಮಾತಿಗೆ ಏರದ, ತನ್ನ ಮಾತಿಗೆ ಇಳಿಯದ ಒಂದು ನಾಣ್ಯವನ್ನು ನೆರೆಯವರೊಡನೆ ಸಮಾನವಾಗಿ ಬಳಸಬೇಕಾಗಿ ಬಂದ ಚಿಕ್ಕ ರಾಜ್ಯವೊಂದು, ಆ ನಾಣ್ಯಕ್ಕೆ ವಿಪತ್ತು ಒದಗಿದ ಹೊತ್ತಿನಲ್ಲಿ, ತನ್ನ ಹಿತ ಯಾವುದೆಂದು ಹೇಗೆ ನಿರ್ಣಯಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ಸಂಜೆ ನಿಮ್ಮ ಮುಂದೆ ಇರಿಸಬೇಕೆಂದು ಬಂದಿದ್ದೇನೆ. ಈ ಪ್ರಶ್ನೆ 2010-11ರಲ್ಲಿ ಯೂರೋಪಿನಲ್ಲಿ ಬಹಳ ಸದ್ದು ಮಾಡಿತು. 2009ರ ಜನವರಿಯಲ್ಲಿ ಯೂರೋ ನಾಣ್ಯವನ್ನು ಅಂಗೀಕರಿಸಿದ ಸ್ಲೊವಾಕಿಯವೆಂಬ ಪುಟ್ಟ ದೇಶ, ಮರುವರ್ಷವೇ ಗ್ರೀಸಿನ ಸಾಲಕ್ಕೆ ತನ್ನ ಪಾಲನ್ನು ಕೊಡೆನೆಂದು ಹಟ ಹಿಡಿದು, 2011ರ ಅಕ್ಟೋಬರಿನಲ್ಲಿ ಅಂಥದೇ ಇನ್ನೊಂದು ಪ್ರಶ್ನೆಯ ಮೇಲೆ ತನ್ನ ಸರ್ಕಾರವನ್ನೇ ಕಳೆದುಕೊಂಡಿತು. ಆ ವೃತ್ತಾಂತಕ್ಕೆ ಮುಂದೆ ಬರುತ್ತೇನೆ. ಆದರೆ ಈ ವಿಷಯವನ್ನು ಅರಿಯಲು ನಾವು ಡ್ಯಾನ್ಯೂಬ್ ನದಿಯ ದಡಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಕಪಿಲೆ ಕಾವೇರಿಯರ ನಡುವಣ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಈ ಸೀಮೆಯೇ ಅದನ್ನು ಹೆಚ್ಚು ಕಡಮೆ ನೂರು ವರ್ಷಗಳ ಕಾಲ ಅನುಭವಿಸಿ ಕಂಡಿದೆ. ಮೈಸೂರು ಸಂಸ್ಥಾನವು ತನ್ನ ಟಂಕಸಾಲೆಯನ್ನು ಮುಚ್ಚಿದ ದಿನದಿಂದ ಭಾರತದಲ್ಲಿ ಲೀನವಾದ ದಿನದವರೆಗೆ, ಪರಾಧೀನವಾದ ರೂಪಾಯಿಯೊಂದಿಗೆ ನಡೆಸಿದ ಸಂಸಾರವೇ ನನ್ನ ವಿಷಯ.

ನಾಣ್ಯವು ರಾಜತ್ವದ ಲಾಂಛನವೆಂಬುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಕಿತ್ತುಕೊಂಡಾಗ, ಆ ವಿಜಯವನ್ನು ಶಾಸನಗಳಲ್ಲಿ ಬರೆಸಿದ್ದು ಸಾಲದೆಂದು, ತಳಕಾಡುಗೊಂಡನೆಂಬ ಬಿರುದನ್ನು ಕನ್ನಡ ಅಕ್ಷರದಲ್ಲಿ ಚಿನ್ನದ ನಾಣ್ಯದ ಮೇಲೆಯೂ ಅಚ್ಚೊತ್ತಿಸಿದನು. ಇಂದು ನರಸೀಪುರ ತಾಲ್ಲೂಕಿನಲ್ಲಿ ಮರಳಿನೊಳಗೆ ಅರ್ಧ ಹೂತಿರುವ ಆ ಊರಿನ ಹೆಸರು ಹೀಗೆ ಒಂದು ಕಾಲದಲ್ಲಿ ವರ್ತಕರ ಕೈಯಿಂದ ಕೈಗೆ ಸಂಚರಿಸುತ್ತಿತ್ತು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ತಮ್ಮ ಹೆಸರಿನ ಚಿನ್ನದ ಹಣವನ್ನು ಹೊರಡಿಸಿದರು. ಬೇಳೆಗಿಂತ ದೊಡ್ಡದೇನೂ ಅಲ್ಲದ ಆ ಕಂಠೀರಾಯಿ ಹಣ, ರಾಜರು ಬದಲಾದರೂ, ನವಾಬರು ಬಂದು ಹೋದರೂ, ಎರಡು ಶತಮಾನಗಳ ಕಾಲ ಮೈಸೂರು ಸೀಮೆಯ ಲೆಕ್ಕಪತ್ರಗಳಲ್ಲಿ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಈ ವರಹ ಬಹುಮಟ್ಟಿಗೆ ಕಡತದಲ್ಲಿ ಮಾತ್ರ ಇದ್ದ ನಾಣ್ಯ.

ಸ್ವಂತ ನಾಣ್ಯವಿದ್ದ ಆ ಕಾಲವನ್ನು ಸುವರ್ಣಯುಗವೆಂದು ಭಾವಿಸುವವರು, 1800-01ರಲ್ಲಿ ಈ ಪ್ರಾಂತ್ಯದಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥವನ್ನು ಒಮ್ಮೆ ನೋಡುವುದು ಲೇಸು. ಕಂಠೀರಾಯಿ, ಸುಲ್ತಾನಿ, ಬಹದ್ದೂರಿ, ಇಕ್ಕೇರಿ ಎಂದು ಒಂದೊಂದು ಪೇಟೆಯಲ್ಲಿಯೂ ಅನೇಕ ಬಗೆಯ ವರಹ ಹಣಗಳು ಏಕಕಾಲಕ್ಕೆ ಚಲಾವಣೆಯಲ್ಲಿದ್ದು, ಅವುಗಳ ಪರಸ್ಪರ ಬೆಲೆಯನ್ನು ಗೊತ್ತುಮಾಡುವ ಅಧಿಕಾರ ಅರಮನೆಯದಾಗಿರದೆ ಸರಾಫನದಾಗಿತ್ತು. ರೈತನು ಕಂದಾಯಕ್ಕೆ ತಂದ ನಾಣ್ಯಕ್ಕೆ ವಟ್ಟ ಹಿಡಿಯುವವನೂ ಅವನೇ, ಶಾನುಭೋಗನಿಗೆ ಬೇಕಾದ ನಾಣ್ಯವನ್ನು ಬದಲಾಯಿಸಿ ಕೊಡುವವನೂ ಅವನೇ. ರಾಜನ ಮುದ್ರೆಯಿದ್ದ ಮಾತ್ರಕ್ಕೆ ನಾಣ್ಯ ಪ್ರಜೆಯ ಹಿತಕ್ಕೆ ದುಡಿಯುತ್ತದೆಂಬುದು ಆಗಲೂ ಸತ್ಯವಾಗಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಆದ ಒಪ್ಪಂದದ ಪ್ರಕಾರ, ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಪೊಗದಿಯಾಗಿ ಕೊಡಬೇಕಾಯಿತು. ಸ್ಟಾರ್ ಪಗೋಡವೆಂದರೆ ಮದರಾಸಿನ ಚಿನ್ನದ ವರಹ. ಅದನ್ನು ಮುಂದೆ ಮೂರೂವರೆ ರೂಪಾಯಿಯೆಂದು ಪರಿಗಣಿಸಿದ್ದರಿಂದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ ಬೆಳ್ಳಿಯ ರೂಪಾಯಿಯಾಯಿತು. ಈ ಪರಿವರ್ತನೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಚಿನ್ನದ ಋಣವು ಬೆಳ್ಳಿಯ ಋಣವಾದ ಆ ಘಳಿಗೆಯನ್ನು ಆಗ ಯಾರೂ ದೊಡ್ಡ ಸಂಗತಿಯೆಂದು ಎಣಿಸಿದಂತೆ ತೋರುವುದಿಲ್ಲ. 1831ರಲ್ಲಿ ರಾಜ್ಯಭಾರ ಬ್ರಿಟಿಷ್ ಕಮಿಷನರುಗಳ ಕೈಸೇರಿತು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿಹೋಯಿತು. ಸಿಂಹದ ಚಿತ್ರ, ಚಾಮುಂಡಿಯ ಹೆಸರು, ಕನ್ನಡ, ಪಾರಸಿ, ಇಂಗ್ಲಿಷು ಮೂರು ಲಿಪಿಗಳನ್ನು ಹೊತ್ತ ತಾಮ್ರದ ಮಯಿಲಿ ಕಾಸೇ ಮೈಸೂರಿನ ಕೊನೆಯ ನಾಣ್ಯ. 1881ರ ಮಾರ್ಚ್ 25ರಂದು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದಾಗ, ಆ ಅರ್ಪಣಪತ್ರದಲ್ಲಿ, ಭಾರತ ಸರ್ಕಾರದ ನಾಣ್ಯವೇ ಇಲ್ಲಿ ಸಿಂಧುವೆಂದೂ, ಬಹುಕಾಲದಿಂದ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಪುನರುಜ್ಜೀವಿಸಕೂಡದೆಂದೂ ಸ್ಪಷ್ಟವಾಗಿ ವಿಧಿಸಲಾಯಿತು. ಅದೇ ಪತ್ರ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿತು. ಹೆಚ್ಚಿನ ಹತ್ತೂವರೆ ಲಕ್ಷದ ವಸೂಲಿಯನ್ನು ಮಾತ್ರ, 1876-78ರ ಕ್ಷಾಮದಿಂದ ಸಂಸ್ಥಾನ 80 ಲಕ್ಷದ ಸಾಲದಲ್ಲಿ ಮುಳುಗಿದ್ದುದನ್ನು ನೋಡಿ, ಮೊದಲು ಐದು ವರ್ಷವೂ ಆಮೇಲೆ ಹತ್ತು ವರ್ಷವೂ ಮುಂದಕ್ಕೆ ಹಾಕಿದರು.

ಇದೇ ಕಾಲದಲ್ಲಿ ಕೋಲಾರದ ನೆಲದಿಂದ ಚಿನ್ನ ಮೇಲೆ ಬರತೊಡಗಿತೆಂಬುದು ವಿಧಿಯ ವಿನೋದವಲ್ಲದೆ ಮತ್ತೇನು? ಇಡೀ ಭಾರತದ ಚಿನ್ನದ ಉತ್ಪನ್ನದಲ್ಲಿ ಬಹುಪಾಲನ್ನು ಹೆತ್ತ ಸಂಸ್ಥಾನಕ್ಕೆ ಒಂದು ಚಿನ್ನದ ಹಣವನ್ನಾದರೂ ಅಚ್ಚುಹಾಕುವ ಅಧಿಕಾರವಿರಲಿಲ್ಲ.

ಇನ್ನು ಮೊದಲನೆಯ ವಿಪತ್ತು. 1870ರ ದಶಕದಿಂದ ಯೂರೋಪಿನ ರಾಷ್ಟ್ರಗಳು ಒಂದಾದಮೇಲೊಂದು ಬೆಳ್ಳಿಯನ್ನು ಕೈಬಿಟ್ಟು ಚಿನ್ನವನ್ನು ಹಿಡಿದ ಕಾರಣ, ಬೆಳ್ಳಿಯ ಬೆಲೆ ಜಾರುತ್ತ ಹೋಗಿ, ಎರಡು ಷಿಲಿಂಗಿಗೆ ಸಮೀಪವಾಗಿದ್ದ ರೂಪಾಯಿ 1894-95ರ ವೇಳೆಗೆ ಒಂದು ಷಿಲಿಂಗು ಒಂದು ಪೆನ್ನಿಯ ಆಸುಪಾಸಿಗೆ ಇಳಿಯಿತು. 1893ರ ಜೂನಿನಲ್ಲಿ ಭಾರತ ಸರ್ಕಾರವು ಖಾಸಗಿ ಬೆಳ್ಳಿಗೆ ಟಂಕಸಾಲೆಗಳ ಬಾಗಿಲು ಮುಚ್ಚಿತು. ಮುಂದೆ ರೂಪಾಯಿಯನ್ನು ಒಂದು ಷಿಲಿಂಗು ನಾಲ್ಕು ಪೆನ್ನಿಗೆ ನಿಲ್ಲಿಸಿತು. ಲಂಡನ್ನಿಗೆ ಪೌಂಡಿನಲ್ಲಿ ಹಣ ಕಳುಹಿಸಬೇಕಾದ ಭಾರತ ಸರ್ಕಾರಕ್ಕೆ ಇದು ಪ್ರಾಣಸಂಕಟವಾಗಿತ್ತು. ಮೈಸೂರಿಗೆ? ಪೊಗದಿಯ ಮಟ್ಟಿಗೆ ನೋಡಿದರೆ ಲಾಭವೇ. 1799ರ ಕರಾರು ಚಿನ್ನದ ವರಹದಲ್ಲಿಯೇ ಉಳಿದಿದ್ದರೆ, ಏಳು ಲಕ್ಷ ಪಗೋಡಗಳ ಚಿನ್ನ, ನಾನು ಸ್ಥೂಲವಾಗಿ ಹಾಕಿದ ಲೆಕ್ಕದಲ್ಲಿ, ಆಗ 40 ಲಕ್ಷ ರೂಪಾಯಿಯನ್ನು ಮೀರುತ್ತಿತ್ತು. ಬೆಳ್ಳಿಗೆ ತಿರುಗಿದ್ದುದರಿಂದ ಇಪ್ಪತ್ತನಾಲ್ಕೂವರೆ ಲಕ್ಷದಲ್ಲಿಯೇ ನಿಂತಿತು. ಆದರೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮೂಲಕ ಮೈಸೂರಿನ ರೈಲುದಾರಿಗೆಂದು ಸುಮಾರು 12 ಲಕ್ಷ ಪೌಂಡುಗಳ ಸಾಲವನ್ನು ಲಂಡನ್ನಿನಲ್ಲಿ ಎತ್ತಲಾಗಿತ್ತು. ಆ ಬಡ್ಡಿ ಪೌಂಡಿನದು; ರೂಪಾಯಿ ಇಳಿದಷ್ಟೂ ಅದು ಏರುತ್ತಿತ್ತು. ಒಂದೇ ಬೊಕ್ಕಸದ ಎಡಗೈಗೆ ಬೆಳ್ಳಿಯ ಪತನ ಉಪಕಾರಿ, ಬಲಗೈಗೆ ಅಪಕಾರಿ. ಅಷ್ಟರಲ್ಲಿ 1891ರಲ್ಲಿ ಮೈಸೂರಿನಿಂದ ನಿಮ್ಮ ನಂಜನಗೂಡಿಗೆ ರೈಲು ಬಂದು, 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಪಿಲೆಯ ಕಲ್ಲು ಸೇತುವೆಯ ಮೇಲೆಯೇ ಹಾದುಹೋಯಿತು. ರಥೋತ್ಸವಕ್ಕೆ ಗಾಡಿಯಿಳಿದ ಭಕ್ತನಿಗೆ ಲಂಡನ್ನಿನ ಬೆಳ್ಳಿಯ ಧಾರಣೆಯಿಂದ ಆಗಬೇಕಾದ್ದೇನೂ ಇರಲಿಲ್ಲ. ಅವನ ಟಿಕೀಟಿನ ಹಿಂದೆ ಮಾತ್ರ ಅದು ಇತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮೈಸೂರಿಗೆ ಸ್ವಂತ ನಾಣ್ಯವಿದ್ದಿದ್ದರೆ ಈ ಗೊಂದಲದಿಂದ ಪಾರಾಗಬಹುದಾಗಿತ್ತಲ್ಲವೆ, ಎಂದು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಪ್ರಯೋಗಶಾಲೆ ಕನ್ನಡ ನಾಡಿನೊಳಗೇ ಇತ್ತು. ರಾಯಚೂರು, ಕಲಬುರ್ಗಿ, ಬೀದರಿನ ಕನ್ನಡಿಗರು ನಿಜಾಮರ ಹಾಲಿ ಸಿಕ್ಕ ರೂಪಾಯಿಯಲ್ಲಿ ವ್ಯವಹರಿಸುತ್ತಿದ್ದರು. ಹೈದರಾಬಾದಿಗೆ ತನ್ನ ಟಂಕಸಾಲೆಯಿತ್ತು, 1918ರಿಂದ ತನ್ನದೇ ಕಾಗದದ ನೋಟುಗಳೂ ಇದ್ದುವು. ಆದರೆ ಹಾಲಿ ಸಿಕ್ಕವನ್ನು ಬ್ರಿಟಿಷ್ ರೂಪಾಯಿಗೆ ಸುಮಾರು 116ಕ್ಕೆ 100ರ ದರದಲ್ಲಿ ಕಟ್ಟಿಟ್ಟಿದ್ದುದರಿಂದ, ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ರೂಪಾಯಿಗೆ ಆದ ಗತಿಯೇ ರಾಯಚೂರಿನ ಹತ್ತಿ ಬೆಳೆಗಾರನ ಗತಿಯೂ ಆಗುತ್ತಿತ್ತು. ಮೇಲೆ ಗಡಿ ದಾಟುವಾಗ ಸರಾಫನ ವಟ್ಟ ಬೇರೆ. ಬೇರೆಯ ಮುದ್ರೆ ಬೇರೆಯ ಸ್ವಾತಂತ್ರ್ಯವನ್ನು ತಂದುಕೊಡಲಿಲ್ಲ. ಆದುದರಿಂದ ಮೈಸೂರಿನ ಕಷ್ಟಕ್ಕೆ ಮೂಲ, ಟಂಕಸಾಲೆಯಿಲ್ಲದಿದ್ದುದೊಂದೇ ಎಂದು ಹೇಳುವುದು ವಿಚಾರವನ್ನು ಅರ್ಧದಲ್ಲಿ ಬಿಟ್ಟಂತೆ.

ಎರಡನೆಯ ವಿಪತ್ತು ಹೆಚ್ಚು ಘೋರವಾದದ್ದು, ಈ ಸೀಮೆಗೆ ಹೆಚ್ಚು ಹತ್ತಿರವಾದದ್ದು. ಅದನ್ನು ಸ್ವಲ್ಪ ನಿಂತು ನೋಡಬೇಕು. ಹಿಲ್ಟನ್ ಯಂಗ್ ಆಯೋಗದ ಶಿಫಾರಸಿನ ಮೇರೆಗೆ 1927ರಲ್ಲಿ ರೂಪಾಯಿಯ ಬೆಲೆಯನ್ನು ಒಂದು ಷಿಲಿಂಗು ಆರು ಪೆನ್ನಿಗೆ ಏರಿಸಿದರು. ನಾಲ್ಕು ಪೆನ್ನಿಯೇ ಇರಲೆಂದು ಆ ಆಯೋಗದಲ್ಲಿ ಸರ್ ಪುರುಷೋತ್ತಮದಾಸ್ ಠಾಕೂರ್‌ದಾಸರು ಭಿನ್ನಮತ ಬರೆದುದು ವ್ಯರ್ಥವಾಯಿತು. ನಾಣ್ಯ ದುಬಾರಿಯಾದರೆ ಹೊರಗಿನ ಸರಕು ಅಗ್ಗವಾಗುತ್ತದೆ, ಒಳಗಿನ ಬೆಳೆಗೆ ಧಾರಣೆ ಇಳಿಯುತ್ತದೆ. ಎರಡು ವರ್ಷದಲ್ಲಿ ಜಗತ್ತಿಗೆಲ್ಲ ಮುಗ್ಗಟ್ಟು ಕವಿದು ಭತ್ತ, ರಾಗಿ, ಹತ್ತಿ ಎಲ್ಲದರ ಬೆಲೆಯೂ ಕುಸಿಯತೊಡಗಿದಾಗ, ಈ ಆರು ಪೆನ್ನಿಯ ಭಾರ ಗಾಯದ ಮೇಲಿನ ಬರೆಯಾಯಿತು. ಆಮೇಲೆ 1931ರ ಸೆಪ್ಟೆಂಬರ್ 21ರಂದು ಇಂಗ್ಲೆಂಡು ಚಿನ್ನದಿಂದ ಕಳಚಿಕೊಂಡಿತು. ಪೌಂಡು ಸ್ವತಂತ್ರವಾಗಿ ಇಳಿಯಿತು. ರೂಪಾಯಿಯೂ ಸ್ವತಂತ್ರವಾಗಿ ತನ್ನ ನೆಲೆಯನ್ನು ಕಂಡುಕೊಳ್ಳಲಿ ಎಂಬ ಅಭಿಪ್ರಾಯ ದೆಹಲಿಯಲ್ಲಿ ಇಲ್ಲದಿರಲಿಲ್ಲ. ಲಂಡನ್ನು ಅದಕ್ಕೆ ಒಪ್ಪದೆ, ರೂಪಾಯಿಯನ್ನು ಅದೇ ಒಂದು ಷಿಲಿಂಗು ಆರು ಪೆನ್ನಿಯ ದರದಲ್ಲಿ ಪೌಂಡಿನ ಬಾಲಕ್ಕೆ ಕಟ್ಟಿತು. ಈ ನಿರ್ಣಯವಾದ ದಿನಗಳಲ್ಲಿ ಲಂಡನ್ನಿನಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತು ಸೇರಿತ್ತು. ಮಹಾತ್ಮಾ ಗಾಂಧಿಯವರೂ ಅಲ್ಲಿದ್ದರು, ಮೈಸೂರಿನ ಪರವಾಗಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೂ ಅಲ್ಲಿದ್ದರು. ಭಾರತದ ಮುಂದಿನ ಸಂಯುಕ್ತ ರಾಜ್ಯದಲ್ಲಿ ಸಂಸ್ಥಾನಗಳ ಸ್ಥಾನವೇನೆಂಬುದನ್ನು ಪರಿಷತ್ತು ಪಕ್ಷ ಪ್ರತಿಪಕ್ಷಗಳಾಗಿ ಚರ್ಚಿಸುತ್ತಿರಲು, ಆ ಸಂಸ್ಥಾನಗಳೆಲ್ಲ ಬಳಸುವ ನಾಣ್ಯದ ಭವಿಷ್ಯ ಪಕ್ಕದ ಕಚೇರಿಯಲ್ಲಿ, ಅವರನ್ನು ಕೇಳದೆ, ತೀರ್ಮಾನವಾಯಿತು.

ಈಗ ಮೈಸೂರಿನ ತಕ್ಕಡಿಯನ್ನು ಎತ್ತೋಣ.

ಒಂದು ತಟ್ಟೆಯಲ್ಲಿ ಚಿನ್ನ. 1927ರ ಕಾನೂನಿನಂತೆ ತೊಲಕ್ಕೆ 21 ರೂಪಾಯಿ 3 ಆಣೆ 10 ಪೈಯಾಗಿದ್ದ ಚಿನ್ನದ ಬೆಲೆ 1931ರ ಸೆಪ್ಟೆಂಬರಿನ ಅನಂತರ ಏರುತ್ತ ಹೋಗಿ ಮೂವತ್ತನ್ನು ದಾಟಿತು. ಲಂಡನ್ನಿನಲ್ಲಿ ಔನ್ಸಿಗೆ ಸುಮಾರು 85 ಷಿಲಿಂಗಿದ್ದದ್ದು 1935ರ ವೇಳೆಗೆ 140ನ್ನು ಮೀರಿತು. ಕೋಲಾರದ ಗಣಿಗಳು ಆಗ ವರ್ಷಕ್ಕೆ 3 ಲಕ್ಷ ಔನ್ಸಿಗೂ ಮೀರಿ ಚಿನ್ನ ತೆಗೆಯುತ್ತಿದ್ದುವು. ಸಂಸ್ಥಾನಕ್ಕೆ ಬರುತ್ತಿದ್ದ ರಾಜಧನ ಉತ್ಪನ್ನದ ಮೌಲ್ಯದ ಮೇಲೆ ಶೇಕಡಾ 5ರಂತೆ ಇದ್ದುದರಿಂದ, ಗಣಿಯಲ್ಲಿ ಒಂದು ಗುಂಜಿ ಚಿನ್ನ ಹೆಚ್ಚದಿದ್ದರೂ ಬೊಕ್ಕಸಕ್ಕೆ ಆದಾಯ ಹೆಚ್ಚಬಹುದಾಗಿತ್ತು. ಶಿವನಸಮುದ್ರದಿಂದ 1902ರಿಂದ ಆ ಗಣಿಗಳಿಗೆ ಹರಿಯುತ್ತಿದ್ದ ವಿದ್ಯುಚ್ಛಕ್ತಿಯೂ ಸಂಸ್ಥಾನದ್ದೇ. ಚಿನ್ನದಿಂದ ಕಳಚಿಕೊಂಡ ಪೌಂಡು, ಪೌಂಡಿಗೆ ಕಟ್ಟಿದ ರೂಪಾಯಿ, ಇವೆರಡೂ ಮೈಸೂರಿನ ಖಜಾನೆಗೆ ಒಂದು ಬಗೆಯಲ್ಲಿ ವರಪ್ರದವಾದುವು.

ಅದೇ ಚಿನ್ನಕ್ಕೆ ಇನ್ನೊಂದು ಮುಖವೂ ಉಂಟು. ಬೆಳೆಗೆ ಬೆಲೆಯಿಲ್ಲದೆ ಕಂದಾಯ ಕಟ್ಟಲಾರದ ರೈತರು ಹೆಂಗಸರ ಮೈಮೇಲಿನ ಒಡವೆಯನ್ನು ಕಳಚಿ ಅಕ್ಕಸಾಲೆಯ ತಕ್ಕಡಿಗೆ ಹಾಕಿದ ಕಾಲ ಅದು. 1931-32ರಲ್ಲಿಯೇ ಭಾರತದಿಂದ 50 ಕೋಟಿ ರೂಪಾಯಿಗೂ ಮೀರಿದ ಚಿನ್ನ ಹಡಗೇರಿತು. ಅದನ್ನು ಜನರ ಲಾಭವೆಂದು ಸರ್ಕಾರದವರು ಬಣ್ಣಿಸಿದರು. ಆಪತ್ತಿನ ಚಿನ್ನವೆಂದು ಜನನಾಯಕರು ಕರೆದರು.

ಇನ್ನೊಂದು ತಟ್ಟೆಯಲ್ಲಿ ರೇಷ್ಮೆ. ನರಸೀಪುರ, ಯಳಂದೂರು, ಚಾಮರಾಜನಗರದ ಎರೆಭೂಮಿಯಲ್ಲಿ ಹಿಪ್ಪುನೇರಳೆ ಮಳೆಯಾಶ್ರಯದ ಬೆಳೆ. ಹೊಲದ ಒಂದು ಪಾಲಿನಲ್ಲಿ ಕಡ್ಡಿ ನೆಟ್ಟು, ಮನೆಯ ನಡುಮನೆಯಲ್ಲಿಯೇ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿ, ಹುಳು ನಾಲ್ಕು ಜ್ವರಗಳನ್ನು ಕಳೆದು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಹಗಲಿರುಳು ಸೊಪ್ಪು ಹಾಕಿ, ಗೂಡನ್ನು ಮಾರಿದ ಹಣದಿಂದ ಕಂದಾಯ, ಉಪ್ಪು, ಬಟ್ಟೆ, ಮದುವೆಯ ಖರ್ಚು ಎಲ್ಲವನ್ನೂ ತೂಗಿಸುವುದು ಇಲ್ಲಿನ ಸಣ್ಣ ಹಿಡುವಳಿದಾರನ ಪದ್ಧತಿ. ರಾಗಿ ಹೊಟ್ಟೆಗೆ, ಗೂಡು ಕೈಗೆ. ಹೀಗಾಗಿ ನಾಣ್ಯದ ಏರಿಳಿತವು ಎಲ್ಲರಿಗಿಂತ ಮೊದಲು ತಟ್ಟುವುದು ಈ ಮನೆಗೇ. ಏಕೆಂದರೆ ಇದು ನಾಣ್ಯಕ್ಕಾಗಿಯೇ ಮಾಡುವ ಬೇಸಾಯ. 1931ರ ಡಿಸೆಂಬರಿನಲ್ಲಿ ಜಪಾನು ಚಿನ್ನವನ್ನು ಬಿಟ್ಟಿತು. ಸುಮಾರು 49 ಅಮೆರಿಕದ ಸೆಂಟು ಬಾಳುತ್ತಿದ್ದ ಯೆನ್ ಒಂದು ವರ್ಷದೊಳಗೆ 20 ಸೆಂಟಿನ ಹತ್ತಿರಕ್ಕೆ ಬಿದ್ದಿತು. ಪೌಂಡು ಇಳಿದದ್ದಕ್ಕಿಂತ ಯೆನ್ ಬಹು ಆಳಕ್ಕೆ ಇಳಿದುದರಿಂದ, ಪೌಂಡಿಗೆ ಕಟ್ಟಿಕೊಂಡ ರೂಪಾಯಿಯ ದೇಶಕ್ಕೆ ಜಪಾನಿನ ಕಚ್ಚಾ ರೇಷ್ಮೆಯೂ, ರೇಷ್ಮೆಯ ವೇಷ ಹಾಕಿದ ಕೃತಕ ನೂಲೂ, ಹಿಂದೆಂದೂ ಕಾಣದ ಅಗ್ಗದ ಧಾರಣೆಯಲ್ಲಿ ಮುಂಬಯಿ ಮದರಾಸುಗಳ ಮೂಲಕ ಒಳನುಗ್ಗಿದುವು. ಚರಕದಲ್ಲಿ ಬಿಚ್ಚಿದ ಮೈಸೂರು ನೂಲು ಅದರೊಡನೆ ಸ್ಪರ್ಧಿಸುವಂತಿರಲಿಲ್ಲ. ಗೂಡಿನ ಬೆಲೆ ಬಿದ್ದಮೇಲೆ ಹಿಪ್ಪುನೇರಳೆಯ ಕಡ್ಡಿಯನ್ನು ಕಿತ್ತು ಜೋಳ ಬಿತ್ತುವುದಲ್ಲದೆ ರೈತನಿಗೆ ಬೇರೆ ದಾರಿಯಿತ್ತೆ?

ತಟ್ಟೆಗಳು ಎರಡೇ ಆಗಿದ್ದರೆ ವಿವೇಚನೆ ಸುಲಭವಾಗುತ್ತಿತ್ತು. ಬೆಂಗಳೂರಿನ ಮಗ್ಗಗಳಿಗೆ ಅಗ್ಗದ ಜಪಾನೀ ನೂಲು ಸಂತೋಷದ ಸಂಗತಿಯೇ ಹೊರತು ದುಃಖದ್ದಲ್ಲ. ನೇಕಾರನೂ ಮೈಸೂರಿನ ಪ್ರಜೆಯೇ ತಾನೆ? ಅವನ ಹೊಟ್ಟೆಗೆ ಸುಂಕ ಹಾಕಿ ನರಸೀಪುರದ ಹುಳುವನ್ನು ಸಾಕಬೇಕೆ? ಅತ್ತ ಪೊಗದಿಯ ವಿಷಯ. 1896ರಿಂದ 35 ಲಕ್ಷವಾಗಿ ವಸೂಲಾಗುತ್ತಿದ್ದ ಅದನ್ನು, ವೈಸರಾಯ್ ಲಾರ್ಡ್ ಇರ್ವಿನ್ನರು 1927ರಲ್ಲಿ ಮೈಸೂರಿಗೆ ಬಂದಾಗ ಪ್ರಕಟಿಸಿದಂತೆ, 1928ರಿಂದ ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ಇಳಿಸಿದರು. ಸಂಸ್ಥಾನದಲ್ಲೆಲ್ಲ ಸಂತೋಷವಾಯಿತು. ಆದರೆ ಮುಂದಿನ ಐದು ವರ್ಷಗಳಲ್ಲಿ ಬೆಳೆಯ ಬೆಲೆಗಳು ಅರ್ಧಕ್ಕೆ ಅರ್ಧ ಇಳಿದುದರಿಂದ, ಭತ್ತದಲ್ಲಿ ಎಣಿಸಿದರೆ ರಿಯಾಯಿತಿಯಾದ ಪೊಗದಿ ಹಿಂದಿನ ಪೂರ್ಣ ಪೊಗದಿಗಿಂತ ಹಗುರವೇನೂ ಆಗಲಿಲ್ಲ. ನಂಜನಗೂಡಿನ ನಾಲೆಯ ಬಯಲಿನ ರೈತನ ಕಂದಾಯದ ಕಥೆಯೂ ಅದೇ: ರೂಪಾಯಿ ಅಷ್ಟೇ, ಅದಕ್ಕಾಗಿ ಅಳೆಯಬೇಕಾದ ಭತ್ತ ಇಮ್ಮಡಿ. ಬೆಳ್ಳಿಯ ಕಾಲದಲ್ಲಿ ರೂಪಾಯಿಯ ಋಣ ಕರಗಿ ಉಪಕಾರ ಮಾಡಿತ್ತು. ಈಗ ಹೆಪ್ಪುಗಟ್ಟಿ ಎದೆಯ ಮೇಲೆ ಕುಳಿತಿತು.

ಹಾಗಾದರೆ ಮೈಸೂರಿನ ಹಿತ ಎಂಬುದು ಯಾವುದು? ಗಣಿಯ ಹಿತವೆ, ಗೂಡಿನ ಹಿತವೆ, ಮಗ್ಗದ ಹಿತವೆ? ಇಡೀ ದೇಶಕ್ಕೊಂದು ಹಿತವಿದೆಯೆಂದೂ, ಅದನ್ನು ಕೆಡಿಸುವವರು ಹೊರಗಿನವರೆಂದೂ ಹೇಳುವುದು ವೇದಿಕೆಗೆ ಹಿತವಾದ ಮಾತು. ಹೊರಗಿನ ಪೆಟ್ಟು ಬಿದ್ದಾಗ ಒಳಗಿನ ಬೇರೆ ಬೇರೆ ಹಿತಗಳು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಅವುಗಳಲ್ಲಿ ಯಾವುದು ರಾಜ್ಯದ ಹಿತವೆಂಬ ಹೆಸರನ್ನು ಪಡೆಯಿತು, ಯಾರ ಕೈಯಿಂದ ಪಡೆಯಿತು ಎಂಬುದನ್ನು ಕೇಳದೆ, ನಾಣ್ಯ ಯಾರದೆಂದು ಮಾತ್ರ ಕೇಳುವುದು ನನಗೆ ಸಾಕೆನಿಸುವುದಿಲ್ಲ.

ಮೈಸೂರು ಸರ್ಕಾರ ಏನು ಮಾಡಿತು ಎಂಬುದನ್ನು ನೋಡಿದರೆ, ಅದು ಗೌರವಕ್ಕೆ ಪಾತ್ರವಾದ ರೀತಿಯಲ್ಲಿಯೇ ನಡೆಯಿತೆಂದು ಹೇಳಬೇಕು. ನಾಣ್ಯ ಅದರ ಕೈಯಲ್ಲಿರಲಿಲ್ಲ. ಸಮುದ್ರದ ಸುಂಕವೂ ಅದರ ಕೈಯಲ್ಲಿರಲಿಲ್ಲ. ಬಂದರಿಲ್ಲದ ಒಳನಾಡಾದುದರಿಂದ, ಮೈಸೂರಿನ ಪ್ರಜೆ ಕೊಂಡ ವಿದೇಶೀ ಸರಕಿನ ಮೇಲಣ ಸುಂಕ ದೆಹಲಿಯ ಬೊಕ್ಕಸಕ್ಕೆ ಸೇರುತ್ತಿತ್ತು. ಈ ಅನ್ಯಾಯವನ್ನು 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಕಾಲದಿಂದಲೂ ಸಂಸ್ಥಾನಗಳು ಎತ್ತಿ ಆಡುತ್ತಿದ್ದುವು. 1932ರಲ್ಲಿ ಡೇವಿಡ್ಸನ್ ಸಮಿತಿ ಪೊಗದಿಗಳ ಲೆಕ್ಕವನ್ನೆಲ್ಲ ಮತ್ತೆ ಕೆದಕಿತು. ಎರಡೂ ಕೈ ಕಟ್ಟಿದ್ದಾಗ ಉಳಿದದ್ದು ವಾದವೊಂದೇ. ಆ ವಾದಕ್ಕೆ ಬೇಕಾದ ಸಾಮಗ್ರಿ ಮೈಸೂರಿನ ಬಳಿ ಇತ್ತು. 1914ರ ಸುಮಾರಿಗೆ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ರೇಷ್ಮೆಗೆಂದೇ ಪ್ರತ್ಯೇಕ ಇಲಾಖೆಯನ್ನು ಕಟ್ಟಿದ್ದರಿಂದ, ಹುಳುವಿನ ತಳಿ, ಸೊಪ್ಪಿನ ಖರ್ಚು, ಬಿಚ್ಚಾಣಿಕೆಯ ಕೂಲಿ, ಎಲ್ಲಕ್ಕೂ ಅಂಕಿಯಿತ್ತು. 1933ರಲ್ಲಿ ಭಾರತದ ಸುಂಕ ಮಂಡಳಿ ರೇಷ್ಮೆಯ ವಿಚಾರಣೆಗೆ ತೊಡಗಿದಾಗ ರಕ್ಷಣೆ ಬೇಕೆಂದು ಕೇಳಿದವರಲ್ಲಿ ಮೈಸೂರು ಮುಂದಿತ್ತು. 1934ರಲ್ಲಿ ಕಚ್ಚಾ ರೇಷ್ಮೆಯ ಮೇಲೆ ಶೇಕಡಾ 25ರ ಮೌಲ್ಯಸುಂಕವೂ ಪೌಂಡು ತೂಕಕ್ಕೆ 14 ಆಣೆಯೂ ವಿಧಿಸಲ್ಪಟ್ಟಿತು. ಕೇಳಿದಷ್ಟು ಸಿಗಲಿಲ್ಲ, ಸಿಕ್ಕಿದ್ದು ಸಾಲಲಿಲ್ಲ. ಯೆನ್ ಅಷ್ಟು ಕೆಳಗಿಳಿದಿರುವಾಗ ಕಾಲು ಭಾಗದ ಸುಂಕ ಎಷ್ಟನ್ನು ತಡೆಯಬಲ್ಲುದು? 1938ರಲ್ಲಿ ಮತ್ತೊಂದು ವಿಚಾರಣೆ ನಡೆಯಬೇಕಾಯಿತು. ಆದರೂ, ನಾಣ್ಯವಿಲ್ಲದ, ಬಂದರಿಲ್ಲದ ಒಂದು ಸಂಸ್ಥಾನ ಲೆಕ್ಕದ ಪುಸ್ತಕವನ್ನು ಹಿಡಿದುಕೊಂಡು ಹೋಗಿ ಇಷ್ಟನ್ನಾದರೂ ಪಡೆದು ಬಂದಿತೆಂಬುದು, ಒಣ ಅಭಿಮಾನದ ಭಾಷಣಗಳಿಗಿಂತ ಇಲಾಖೆಯ ವರದಿ ಹೆಚ್ಚು ಕೆಲಸ ಮಾಡುತ್ತದೆಂಬ ನನ್ನ ನಂಬಿಕೆಯನ್ನು ಬಲಪಡಿಸುತ್ತದೆ. (ಇಲಾಖೆಯ ವರದಿಗಳನ್ನು ಓದುವ ಶಿಕ್ಷೆಯನ್ನು ಅನುಭವಿಸಿದವರು ಈ ಪ್ರಶಂಸೆಯನ್ನು ಸಂದೇಹದಿಂದ ಕಂಡರೆ ನಾನು ತಪ್ಪು ತಿಳಿಯುವುದಿಲ್ಲ.)

ಮೈಸೂರಿನ ಪದ್ಧತಿಯಲ್ಲಿದ್ದ ಕೊರತೆಯನ್ನೂ ಹೇಳದೆ ಬಿಡಲಾಗದು. 1881ರಲ್ಲಿಯೇ ರಂಗಾಚಾರ್ಲುಗಳ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತ್ತು. ದಸರೆಯ ಸಮಯಕ್ಕೆ ತಾಲ್ಲೂಕಿನ ಪ್ರತಿನಿಧಿಗಳು ಹೋಗಿ ತಮ್ಮ ಸೀಮೆಯ ಕಷ್ಟಗಳನ್ನು ದಿವಾನರ ಮುಂದೆ ನಿವೇದಿಸಬಹುದಾಗಿತ್ತು. ನಿವೇದಿಸಬಹುದಾಗಿತ್ತು, ಅಷ್ಟೆ. ಚಿನ್ನದಿಂದ ಬಂದ ಹೆಚ್ಚುವರಿ ಆದಾಯವನ್ನು ರೇಷ್ಮೆಯ ರೈತನ ಕಂದಾಯಕ್ಕೆ ವಜಾ ಮಾಡಬೇಕೆ, ನೇಕಾರನಿಗೆ ಕೊಡಬೇಕೆ, ಕಾರ್ಖಾನೆಗೆ ಹಾಕಬೇಕೆ ಎಂಬ ನಿರ್ಣಯ ಸಭೆಯದಾಗಿರಲಿಲ್ಲ. ತೂಗುವವನು ಒಬ್ಬನೇ, ಅವನು ಸಮರ್ಥನೂ ಸಜ್ಜನನೂ ಆಗಿದ್ದುದು ನಮ್ಮ ಭಾಗ್ಯ.

ಇಲ್ಲಿಯೇ ಸ್ಲೊವಾಕಿಯ ನೆನಪಾಗುವುದು. ಅಲ್ಲಿಯ ಜನಸಂಖ್ಯೆ ಸುಮಾರು 54 ಲಕ್ಷ; ಯೂರೋ ಬಳಸುವವರಲ್ಲಿ ಬಡವರ ಸಾಲಿಗೆ ಸೇರಿದವರು. ತಮಗಿಂತ ಹೆಚ್ಚು ಸಂಬಳ, ಹೆಚ್ಚು ಪಿಂಚಣಿ ಪಡೆಯುವ ಗ್ರೀಕರ ಸಾಲಕ್ಕೆ ತಾವೇಕೆ ಜಾಮೀನಾಗಬೇಕೆಂದು ಅವರು ಕೇಳಿದರು. 2010ರಲ್ಲಿ ಮೊದಲನೆಯ ಸಾಲದಿಂದ ಹೊರಗುಳಿದರು. 2011ರ ಅಕ್ಟೋಬರ್ 11ರಂದು, ಯೂರೋ ದೇಶಗಳ ರಕ್ಷಣಾ ನಿಧಿಯನ್ನು ಹಿಗ್ಗಿಸುವ ನಿರ್ಣಯ ಅಲ್ಲಿಯ ಸಂಸತ್ತಿನ ಮುಂದೆ ಬಂದಾಗ, ಆಡಳಿತ ಕೂಟದೊಳಗಿನ ಒಂದು ಪಕ್ಷ, ಸಭಾಧ್ಯಕ್ಷ ರಿಚರ್ಡ್ ಸುಲಿಕ್ಕನ ನೇತೃತ್ವದಲ್ಲಿ, ಮತ ಕೊಡಲಿಲ್ಲ. ಪ್ರಧಾನಿ ಇವೇತಾ ರಾದಿಚೋವಾ ಅದನ್ನು ವಿಶ್ವಾಸದ ಪ್ರಶ್ನೆಯಾಗಿಸಿದ್ದುದರಿಂದ ಸರ್ಕಾರ ಬಿದ್ದಿತು. ಎರಡು ದಿನ ಕಳೆದಮೇಲೆ, ಅವಧಿಗೆ ಮುಂಚೆ ಚುನಾವಣೆ ನಡೆಸುವ ಮಾತಿನ ಮೇಲೆ, ವಿರೋಧ ಪಕ್ಷದ ಬೆಂಬಲದಿಂದ ಅದೇ ನಿರ್ಣಯ ಅಂಗೀಕಾರವಾಯಿತು. ಫಲದಲ್ಲಿ ವ್ಯತ್ಯಾಸವೇನೂ ಆಗಲಿಲ್ಲವೆಂದು ನಕ್ಕವರಿದ್ದಾರೆ. ನಾನು ನಗಲಾರೆ. ದೊಡ್ಡವರ ಮುಂದೆ ಚಿಕ್ಕವನು ಕೊನೆಗೆ ಒಪ್ಪಲೇಬೇಕಾದರೂ, ಯಾವ ತಟ್ಟೆಯಲ್ಲಿ ಏನನ್ನಿಟ್ಟು ತೂಗಿದರೆಂಬುದು ಅಲ್ಲಿ ಹಗಲು ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಮಿರ್ಜಾ ಸಾಹೇಬರ ಕಚೇರಿಯಲ್ಲಿ ನಡೆದ ತೂಕ ಬಹುಶಃ ಹೆಚ್ಚು ಪ್ರಾಜ್ಞವಾದದ್ದು. ಆದರೆ ಅದನ್ನು ನರಸೀಪುರದ ಹುಳು ಸಾಕುವವನು ನೋಡಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಎರಡನೆಯ ಮಹಾಯುದ್ಧ ಬಂದು ಜಪಾನಿನ ರೇಷ್ಮೆ ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಕಡ್ಡಿ ಕಿತ್ತವರು ಮತ್ತೆ ನೆಟ್ಟರು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾರ್ಯಾರಂಭ ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ರೂಪಾಯಿಯನ್ನೂ ಡಾಲರಿಗೆದುರಾಗಿ ಶೇಕಡಾ 30ರಷ್ಟು ಇಳಿಸಿದಾಗ, ಮೈಸೂರಿಗೆ ಬೇರೆಯಾದ ಧ್ವನಿಯೊಂದು ಇನ್ನು ಉಳಿದಿರಲಿಲ್ಲ. 1950ರ ಏಪ್ರಿಲಿನಲ್ಲಿ ಹಣಕಾಸಿನ ವಿಲೀನವೂ ಮುಗಿಯಿತು. ಪರನಾಣ್ಯ ಸ್ವನಾಣ್ಯವಾಯಿತು. ನರಸೀಪುರದ ಫಿಲೇಚರಿನಲ್ಲಿ ಬಿಚ್ಚಿದ ನೂಲು, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಈಗಲೂ ಹೋಗುತ್ತಿದೆ.

ಆದರೆ ತಟ್ಟೆಗಳು ಹಾಗೆಯೇ ಇವೆ. ಸ್ಲೊವಾಕಿಯದ ಸರ್ಕಾರ ಬಿದ್ದ ಅದೇ 2011ರ ಆರಂಭದಲ್ಲಿ, ಕೇಂದ್ರದ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ವಾರಾಣಸಿಯಿಂದ ಕಾಂಚೀಪುರದವರೆಗಿನ ನೇಕಾರರಿಗೆ ಅದು ಬೇಕಾಗಿತ್ತು. ಚೀನಾದ ನೂಲು ಬಂದಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಕುಸಿದು, ಹಳೆಯ ಮೈಸೂರು ಸೀಮೆಯ ಬೆಳೆಗಾರರು ಬೀದಿಗೆ ಇಳಿದರು. 2013ರ ಮುಂಗಡಪತ್ರದಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಮೂವತ್ತಕ್ಕೂ ಐದಕ್ಕೂ ನಡುವೆ ಹದಿನೈದನ್ನು ಆರಿಸಿದವರು ಯಾರ ಲೆಕ್ಕವನ್ನು ಮುಂದಿಟ್ಟುಕೊಂಡು ಆರಿಸಿದರೆಂಬುದನ್ನು, ನಮ್ಮ ಪ್ರತಿನಿಧಿಗಳು ಈ ಊರುಗಳಿಗೆ ಮುಂದೆ ಬಂದಾಗ, ನೀವು ಅವರನ್ನು ಕೇಳಬಹುದು.